ಹಾಳೆಯ ಬೆನ್ನಿನ ಪೆನ್ಸಿಲ್ ಗುರುತು

ನದಿಯ ದಂಡೆಯ ಆಶ್ರಮವೊಂದರಲ್ಲಿ ಗುರುಗಳು ಕಪ್ಪು-ಬಿಳುಪು ಫೋಟೊ ಮುದ್ರಿಸುವ ವಿದ್ಯೆ ಕಲಿಸುತ್ತಿದ್ದರು. ಅವರ ಪ್ರಿಂಟರಿನಲ್ಲಿ ಬಣ್ಣದ ಶಾಯಿ ಇರಲಿಲ್ಲ. ಎಲ್ಲ ಡಬ್ಬಿಗಳಲ್ಲೂ ಕಪ್ಪೇ. ಒಂದು ದಟ್ಟ ಕಪ್ಪು, ಉಳಿದವು ಅದನ್ನೇ ತೆಳುಮಾಡಿದ ಬೂದುಗಳು.

ಕಪ್ಪಿನಲ್ಲೂ ಬಗೆಗಳಿದ್ದವು. ಕಾಡಿಗೆಯಂಥ ಇಂಗಾಲದ ಶಾಯಿ ತೆಳುವಾದಾಗ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಇನ್ನೊಂದು ನೀಲಿಗೆ ವಾಲುತ್ತಿತ್ತು. ಎರಡನ್ನೂ ಬೇಕಾದಂತೆ ಬೆರೆಸಿ, ಬೆರೆಸಿದ ಅಳತೆಯನ್ನು ಪ್ರತಿ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುವುದು ಅಲ್ಲಿಯ ಪದ್ಧತಿ.

ಶಿಷ್ಯ ತಿಪ್ಪೇಶ, ತೀರಿಹೋದ ತನ್ನ ಹೆಂಡತಿ ನಾಗವೇಣಿಯ ಫೋಟೊ ಮುದ್ರಿಸುತ್ತಿದ್ದ. ಮಾರನೆಯ ದಿನ ಅವಳ ವರ್ಷದ ಪೂಜೆ. ಫೋಟೊ ಒಯ್ಯಲು ಅವನ ಅತ್ತೆ ಚೌಡಮ್ಮ ಬಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಮೇಜಿನ ತುಂಬ ನಾಗವೇಣಿಯ ಮುಖಗಳು. ಒಂದೇ ಮುಖ, ಹಲವು ಶಾಯಿ.

“ಇನ್ನೂ ಆಗಲಿಲ್ವಾ, ಅಳಿಯಂದಿರೇ?” ಚೌಡಮ್ಮ ಕೂಗಿದರು. “ನನ್ನ ಮಗಳು ಸೀರೆ ಆರಿಸೋದಕ್ಕೂ ಇಷ್ಟು ಹೊತ್ತು ತಗೊಳ್ತಿರಲಿಲ್ಲ.”

“ಸ್ವಲ್ಪ ತಡೀರಿ, ಅತ್ತೆ.”

ತಿಪ್ಪೇಶ ಹಾಳೆಗಳನ್ನೆಲ್ಲ ಬಾಚಿಕೊಂಡು ಗುರುಗಳ ಬಳಿಗೆ ಬಂದ.

“ಗುರುಗಳೇ, ಕಂದು ಶಾಯಿಯಲ್ಲಿ ಒಲೆ ಮುಂದೆ ಕೂತ ಹಾಗೆ ಕಾಣ್ತಾಳೆ. ನೀಲಿಯಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಹಾಗೆ. ಎರಡನ್ನೂ ಬೆರೆಸಿದರೆ ಯಾರೋ ಬೇರೆಯವಳು. ಯಾವ ಶಾಯಿ ಸರಿ?”

“ಅವಳ ಮೈಬಣ್ಣ ಹೇಗಿತ್ತು?”

ತಿಪ್ಪೇಶ ಕೈಯಲ್ಲಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ.

“ನಿನ್ನೆ ಗೊತ್ತಿತ್ತು,” ಎಂದ ಕೊನೆಗೆ. “ಇಷ್ಟೆಲ್ಲ ಮುದ್ರಿಸಿದ ಮೇಲೆ ಹೊರಟುಹೋಯ್ತು. ಮರೆತುಬಿಟ್ಟೆನಾ, ಗುರುಗಳೇ? ಒಂದೇ ವರ್ಷಕ್ಕೆ?”

ಗುರುಗಳು ಒಂದು ಹಾಳೆ ಎತ್ತಿಕೊಂಡು ಕಂದು ಹಾಳೆಯ ಪಕ್ಕ ಇಟ್ಟರು.

“ಇದು ಯಾವ ಬಣ್ಣ?”

“ನೀಲಿ.”

ಅದನ್ನೇ ಎತ್ತಿ ನೀಲಿ ಹಾಳೆಯ ಪಕ್ಕ ಇಟ್ಟರು.

“ಈಗ?”

“ಕಂದು.” ತಿಪ್ಪೇಶ ಕಣ್ಣುಜ್ಜಿಕೊಂಡ. “ಅದೇ ಹಾಳೆ ಅಲ್ವಾ? ನನ್ನ ಕಣ್ಣು ಕೆಟ್ಟಿದೆ.”

“ಕಣ್ಣು ಚೆನ್ನಾಗೇ ಇದೆ. ಅದಕ್ಕೆ ಪಕ್ಕದ ಮನೆಯ ಚಿಂತೆ ಜಾಸ್ತಿ.”

ಗುರುಗಳು ಆ ಒಂದು ಹಾಳೆಯನ್ನು ಉಳಿಸಿಕೊಂಡರು. ಮಿಕ್ಕವನ್ನೆಲ್ಲ ಚೌಡಮ್ಮನ ಕೈಗೆ ಕೊಟ್ಟರು. “ಇವನ್ನು ಮಡಿಲಲ್ಲಿ ಇಟ್ಟುಕೊಂಡಿರಿ, ತಾಯಿ. ಇವನಿಗೆ ತೋರಿಸಬೇಡಿ.”

ಆಮೇಲೆ ತಿಪ್ಪೇಶನನ್ನು ನದಿಯ ಮೆಟ್ಟಿಲಿಗೆ ಕರೆದೊಯ್ದು ಕೂರಿಸಿ, ಹಾಳೆಯನ್ನು ಅವನ ತೊಡೆಯ ಮೇಲಿಟ್ಟರು.

“ಏನು ಕಾಣುತ್ತೆ?”

“ಬೂದು. ಕಂದೋ ನೀಲಿಯೋ ತಿಳೀತಿಲ್ಲ.”

“ಇನ್ನೂ ನೋಡು.”

ಅವನು ನೋಡಿದ. ನೀರು ಮೆಟ್ಟಿಲನ್ನು ಮುಟ್ಟಿ ಹಿಂದೆ ಸರಿಯುತ್ತಿತ್ತು.

“ಎಡಗಡೆ ಹುಬ್ಬು ಚೂರು ಮೇಲಿದೆ,” ಎಂದ.

“ಯಾಕೆ?”

“ನಗು ತಡೆದುಕೊಂಡಾಗ ಹಾಗೆ ಆಗ್ತಿತ್ತು. ಅವತ್ತು ನಾನು ಕ್ಯಾಮೆರಾದ ಮುಚ್ಚಳ ತೆಗೆಯದೆಯೇ ಫೋಟೊ ಹಿಡೀತಾ ಇದ್ದೆ. ‘ನೆಟ್ಟಗೆ ಕೂತ್ಕೋ, ಅಲುಗಾಡಬೇಡ’ ಅಂತ ಗದರಿಸ್ತಾ ಬೇರೆ ಇದ್ದೆ. ಅವಳು ನೋಡಿದ್ದಳು. ಹೇಳಲಿಲ್ಲ. ಕೊನೆಗೆ ನಾನೇ ನೋಡಿ, ಮುಚ್ಚಳ ತೆಗೆದು, ಒತ್ತಿದ್ದು ಇದು.”

ಅಷ್ಟು ಹೊತ್ತಿಗೆ ಚೌಡಮ್ಮ ಮಡಿಲ ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಅವನ ಹಿಂದೆ ನಿಂತಿದ್ದರು. ಬಗ್ಗಿ ನೋಡಿದರು.

“ಹ್ಞೂಂ. ನಮ್ಮ ವೇಣಿ,” ಎಂದರು. “ಕೊಡಿ. ಬಸ್ಸು ಬರೋ ಹೊತ್ತಾಯ್ತು.”

ತಿಪ್ಪೇಶ ಕೊಡಲು ಕೈ ನೀಡಿದ. ಅರ್ಧದಲ್ಲೇ ತಡೆದ.

“ಒಂದು ನಿಮಿಷ, ಅತ್ತೆ. ಇದು ಯಾವ ಶಾಯಿ ಅಂತ ನೋಡ್ಕೊಂಡುಬಿಡ್ತೀನಿ. ಬೆನ್ನಿಗೆ ಬರೆದಿದ್ದೀನಿ.”

ಗುರುಗಳು ಹಾಳೆಯ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದರು.

“ತಿರುಗಿಸಿದರೆ ಮುಖ ಕಾಣುವುದಿಲ್ಲ.”