ಮರಳು ತುಂಬಿದ ತೊಗಲಚೀಲ

"ಗುರುಗಳೇ, ಇಷ್ಟು ಜನರ ನಡುವೆ ಇದ್ದೂ ಮನುಷ್ಯ ಒಂಟಿಯಾಗುವುದು ಯಾಕೆ?"

ಕೇಳಿದವನು ಶಿಷ್ಯ ಗುರುಪಾದಯ್ಯ. ಬಗಲಲ್ಲಿ ಬಟ್ಟೆಯ ಗಂಟು ಇತ್ತು. ಮಠ ಬಿಟ್ಟು ಹೊರಟು ನಿಂತಿದ್ದ. ಮೊನ್ನೆ ಅವನಿಗೆ ಜ್ವರ ಬಂದಿತ್ತು. ಜ್ವರ ಬಂತು, ಜ್ವರ ಹೋಯಿತು, ಒಬ್ಬರೂ ಕೋಣೆಯೊಳಗೆ ಬಂದು ಹಣೆ ಮುಟ್ಟಿ ನೋಡಲಿಲ್ಲ.

"ಇಡೀ ಮಠದಲ್ಲಿ ನನಗೆ ಒಂದು ಲೋಟ ಗಂಜಿ ಕೊಡುವವರು ಇಲ್ಲ. ನಾನು ಯಾವತ್ತೂ ಯಾರಿಗೂ ಭಾರವಾದವನಲ್ಲ. ಆದರೂ ಹೀಗೆ. ಇಂಥ ಕಲ್ಲುಜನರ ನಡುವೆ ಯಾಕಿರಲಿ?"

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸಲಿಲ್ಲ.

"ಹೋಗುವವನ ಕಾಲು ಹಿಡಿಯುವವನಲ್ಲ ನಾನು. ದಾರಿ ಅಲ್ಲೇ ಇದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ಕತೆ ಕೇಳಿ ಹೋಗು. ಗಂಟು ಕೆಳಗಿಡು ಮಾರಾಯ, ಹೊತ್ತುಕೊಂಡು ನಿಂತರೆ ಕತೆ ಕಿವಿಗೆ ಇಳಿಯುವುದಿಲ್ಲ."

ಗುರುಪಾದಯ್ಯ ಕೂತ. ಗಂಟನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡ. ಗುರುಗಳು ಕತೆ ಹೇಳಿದರು.

ಒಬ್ಬ ಕಂಚಿನ ವ್ಯಾಪಾರಿ ಇದ್ದ. ಮಕ್ಕಳಿರಲಿಲ್ಲ, ಹೆಂಡತಿ ಇದ್ದಳು. ಅವನು ಅಂಗಡಿಯಿಂದ ಬಂದು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ ಒಂದು ಮಾತು ಬರುತ್ತಿತ್ತು: "ಊಟ ಆಯ್ತಾ?" ಮಧ್ಯಾಹ್ನದ ಬುತ್ತಿ ಕಟ್ಟಿಕೊಟ್ಟವಳೇ ಆಕೆ. ಅವನು ಉಂಡದ್ದು ಆಕೆಗೆ ಗೊತ್ತಿರದೆ ಏನು? ಆದರೂ ಕೇಳುವಳು. "ದಿನಾ ಎಂಥದ್ದೇ ನಿನ್ನ ಪ್ರಶ್ನೆ?" ಎಂದು ಅವನು ಸಿಡುಕುವನು. ಒಂದು ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಪ್ರಶ್ನೆಯೂ ನಿಂತಿತು.

ಮೊದಮೊದಲು ಕೇರಿಯವರು ಅನ್ನ ಸಾರು ತಂದರು. ತಂದ ಹೆಂಗಸೊಬ್ಬಳು ಬಾಗಿಲಾಚೆ "ಪಾಪ" ಅಂದದ್ದು ಅವನ ಕಿವಿಗೆ ಬಿತ್ತು. ಪಾಪವಂತೆ! ಅವನಿಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನದಿಂದ ತಾನೇ ಬೇಯಿಸಿಕೊಂಡ. ಯಾರಾದರೂ ಪಾತ್ರೆ ಹಿಡಿದು ಬಂದರೆ "ನನ್ನದಾಯಿತು" ಎಂದು ಬಾಗಿಲಿನಿಂದಲೇ ಕಳಿಸಿದ. ಜನ ಬರುವುದು ಬಿಟ್ಟರು. ಬಿಡದೆ ಏನು ಮಾಡುತ್ತಾರೆ ಹೇಳು?

ಆಮೇಲೆ ಮನೆ ಅವನನ್ನು ತಿನ್ನಲು ಶುರು ಮಾಡಿತು. ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುವನು, ಕಿವಿಗೊಡುವನು, ಒಳಗೆ ಹೋಗುವನು. ಒಂದೇ ಒಂದು ಸಲ ಯಾರಾದರೂ "ಊಟ ಆಯ್ತಾ?" ಎಂದರೆ ಸಾಕು ಅನ್ನಿಸುತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಹೆಂಡತಿಗೆ ಒಂದು ಆಸೆ ಇತ್ತು. "ಒಮ್ಮೆ ಮರಳುಸೀಮೆ ನೋಡಬೇಕು ರೀ. ಕೋಟೆಗಳಂತೆ, ಗುಡಿಗಳಂತೆ, ಅಲ್ಲಿಯ ಊಟದ ಹಾಗೆ ಊಟ ಎಲ್ಲೂ ಇಲ್ಲವಂತೆ" ಎನ್ನುತ್ತಿದ್ದಳು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಅವನು ದೂಡಿದ್ದ. ಈಗ ಅಂಗಡಿಗೆ ಬೀಗ ಹಾಕಿ ಹೊರಟ. ಆಕೆಯ ಆಸೆ ಒಂದು ನೆಪ. ಅಷ್ಟು ಉಣಬಡಿಸುವ ಸೀಮೆಯಲ್ಲಿ ಯಾರಾದರೂ ಒಬ್ಬರು ಕೇಳಿಯಾರು ಎಂಬುದು ಅವನ ಒಳಗಿನ ಮಾತು. ಅಲ್ಲಿ ಅವನು ಯಾರೆಂದು ಯಾರಿಗೂ ಗೊತ್ತಿಲ್ಲ. "ಪಾಪ" ಅನ್ನುವವರೂ ಇಲ್ಲ.

ಆ ಸೀಮೆಯಲ್ಲಿ ಒಂದು ಒಂಟೆ ಕೊಂಡ. ನೀರಿಗೆ ದೊಡ್ಡ ತೊಗಲಚೀಲ ಕೊಂಡ. ಊರಿಂದ ತಂದ ಅವಲಕ್ಕಿ, ಚಟ್ನಿಪುಡಿಯ ಗಂಟು ಇತ್ತು. ನೀರಿಲ್ಲದ ನಾಡಿನವರಿಗೆ ತಾನೊಂದು ಹೊರೆಯಾಗಬಾರದು ಎಂದುಕೊಂಡ. ಒಳ್ಳೆಯ ಬುದ್ಧಿಯೇ. ಅದರ ಬೆನ್ನಿಗೆ ಯಾರ ಹಂಗೂ ಬೇಡ ಎಂಬ ಬಿಗುಮಾನವೂ ಅಂಟಿಕೊಂಡಿತ್ತು. ಕೋಟೆ ಇದ್ದಲ್ಲಿ ಕೆರೆ ಇರುತ್ತದೆ. ದಿನಾ ಬೆಳಗ್ಗೆ ಕೋಟೆಯ ಕೆರೆಯಲ್ಲಿ ಚೀಲ ಬಾಯಿತನಕ ತುಂಬಿಸಿಕೊಂಡು ಹೊರಡುವನು.

ಕೋಟೆಗಳನ್ನು ನೋಡಿದ. ಹಳದಿ ಕಲ್ಲಿನ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. "ನೋಡಿದೆಯಾ?" ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಒಂಟೆ ನಿಂತು ಮೆಲುಕು ಹಾಕುತ್ತಿತ್ತು. ಗುಡಿಗಳನ್ನು ನೋಡಿದ. ಸಾಲು ಸಾಲು ಕಂಬ, ಒಂದರ ಹಾಗೆ ಇನ್ನೊಂದಿಲ್ಲ. ಅಲ್ಲೂ ತಿರುಗಿದ, ಅಲ್ಲೂ ಯಾರಿಲ್ಲ. ಗುಡಿಯ ಮೆಟ್ಟಿಲ ಮೇಲೆ ಕೂತು ಒಬ್ಬನೇ ಅತ್ತ.

ಸಂಜೆಗೆ ಯಾವುದಾದರೂ ಹಳ್ಳಿ ಸೇರುವನು. ಅಲ್ಲಿ ದಾರಿಹೋಕರಿಗೆ ಮನೆಗಳ ಜಗಲಿ ಸದಾ ತೆರೆದಿರುತ್ತದೆ. ಜಗಲಿಯ ಗೋಡೆಗೆ ಒಂದು ಗೂಟ. ಬಂದವನು ತನ್ನ ನೀರಿನ ಚೀಲ ಅದಕ್ಕೆ ತೂಗುಹಾಕಿ ಕೂರಬೇಕು. ಇವನೂ ತೂಗುಹಾಕಿ ಕೂರುವನು. ಮನೆಯವರು ಹೊರಗೆ ಬಂದು ಚೀಲ ನೋಡುವರು, ಕೈಮುಗಿಯುವರು, ಒಳಗೆ ಹೋಗಿಬಿಡುವರು. ಒಳಗಿನಿಂದ ಸಜ್ಜೆರೊಟ್ಟಿ ಬಡಿಯುವ ಸದ್ದು, ಮಜ್ಜಿಗೆಯ ಸಾರಿಗೆ ಒಗ್ಗರಣೆ ಬಿದ್ದ ಘಮ. ಇವನು ಜಗಲಿಯಲ್ಲಿ ಕೂತು ಅವಲಕ್ಕಿ ಜಗಿಯುವನು.

ಇನ್ನೊಂದನ್ನೂ ನೋಡಿದ. ಪ್ರತಿ ಹಳ್ಳಿಯ ಹೊರಗೆ ಒಂದು ಮರ. ಆ ಸೀಮೆಯ ದಾರಿಹೋಕರು ಊರೊಳಗೆ ಕಾಲಿಡುವ ಮೊದಲು ತಮ್ಮ ಚೀಲದಲ್ಲಿ ಉಳಿದ ನೀರನ್ನೆಲ್ಲ ಆ ಮರದ ಬುಡಕ್ಕೆ ಸುರಿದುಬಿಡುವರು. "ಹನಿ ನೀರಿಗೆ ಗತಿಯಿಲ್ಲದ ಕಡೆ ಸುರಿಯುತ್ತಾರಲ್ಲ, ಇವರಿಗೇನು ತಲೆ ಕೆಟ್ಟಿದೆಯೇ?" ಎಂದುಕೊಂಡ. ತನ್ನ ಚೀಲದ ಬಾಯಿ ಇನ್ನಷ್ಟು ಬಿಗಿದ.

ಹಳ್ಳಿಯಿಂದ ಹಳ್ಳಿಗೆ ಇದೇ ಆಯಿತು. ಕೈಮುಗಿದವರು ಎಷ್ಟೋ ಮಂದಿ, ಉಂಡೆಯಾ ಅಂದವರು ಒಬ್ಬರೂ ಇಲ್ಲ. ಊಟಕ್ಕೆ ಹೆಸರಾದ ನಾಡಂತೆ! ನೆಲ ಒಣಗಿದ ಹಾಗೆ ಇವರ ಎದೆಯೂ ಒಣಗಿದೆ ಎಂದು ಬೈದುಕೊಂಡ. ಮರಳಿ ಹೋಗಲು ಮನೆ ಬೇಕು, ಆ ಮನೆ ನೆನೆದರೆ ಭಯವಾಗುತ್ತಿತ್ತು. ಮುಂದೆ ಹೋಗಲು ಕಾರಣ ಉಳಿದಿರಲಿಲ್ಲ. ಅವನ ಹಾಗೆ ಒಂಟಿ ಆ ಮರಳಿನಲ್ಲಿ ಯಾರೂ ಇರಲಿಲ್ಲ.

ಒಂದು ದಿನ ದಾರಿಯಲ್ಲಿ ಜಾಲಿಮುಳ್ಳು ತಾಗಿ ಚೀಲದಲ್ಲಿ ಸಣ್ಣ ತೂತಾಯಿತು. ಅವನಿಗೆ ತಿಳಿಯಲಿಲ್ಲ. ನೀರೆಲ್ಲ ದಾರಿಯುದ್ದಕ್ಕೂ ಸೋರಿ ಮರಳು ಕುಡಿಯಿತು. ಸಂಜೆ ಒಂಟಿ ಮನೆಯೊಂದು ಕಂಡಾಗ ಅವನ ನಾಲಗೆ ಅಂಗುಳಕ್ಕೆ ಅಂಟಿತ್ತು. ಚೀಲ ಮುಟ್ಟಿದ. ಚಪ್ಪಟೆ.

ಬೇರೆ ಯಾರಾದರೂ ಓಡಿಹೋಗಿ ಬಾಗಿಲು ಬಡಿಯುತ್ತಿದ್ದರು. ಇವನಿಗೆ ಆ ಚಪ್ಪಟೆ ಚೀಲ ಗೂಟಕ್ಕೆ ಹಾಕಲು ನಾಚಿಕೆಯಾಯಿತು. ಮನೆಯವರು ನೋಡುತ್ತಾರೆ, "ಪಾಪ" ಅನ್ನುತ್ತಾರೆ! ಹಾಗಾದೀತೇ? ದಿಬ್ಬದ ಮರೆಗೆ ಕೂತು ಚೀಲಕ್ಕೆ ಮರಳು ತುಂಬಿದ. ಬಾಯಿತನಕ ತುಂಬಿ ಬಿಗಿಯಾಗಿ ಕಟ್ಟಿದ. ಹೋಗಿ ಗೂಟಕ್ಕೆ ತೂಗುಹಾಕಿ ಜಗಲಿಯಲ್ಲಿ ನೆಟ್ಟಗೆ ಕೂತ.

ಒಬ್ಬ ಮುದುಕಿ ಹೊರಗೆ ಬಂದಳು. ಚೀಲ ನೋಡಿದಳು, ಕೈಮುಗಿದಳು, ಒಳಗೆ ಹೋದಳು. ಒಳಗೆ ಯಾರಿಗೋ ನೀರು ಬಗ್ಗಿಸಿದ ಸದ್ದು ಕೇಳಿತು. ಇವನ ಕಣ್ಣು ಕತ್ತಲಿಟ್ಟಿತು. ಒಂದು ಮಾತು, "ನೀರು" ಎಂಬ ಒಂದೇ ಮಾತು. ಅದು ಗಂಟಲು ದಾಟಲಿಲ್ಲ. ಸಾಯಲು ತಯಾರಿದ್ದ, ಕೇಳಲು ತಯಾರಿರಲಿಲ್ಲ.

ದೀಪ ಇಡಲು ಮುದುಕಿ ಮತ್ತೆ ಬಂದಳು. ಗೂಟದ ಕೆಳಗೆ ಜಗಲಿಯ ಮೇಲೆ ಮರಳಿನ ಪುಟ್ಟ ಗುಪ್ಪೆ ಕಂಡಿತು. ನೀರು ಸೋರಿದ ತೂತಿನಲ್ಲೇ ಈಗ ಮರಳು ಎಳೆಯಾಗಿ ಇಳಿಯುತ್ತಿತ್ತು. ಆಕೆ ಕೈಯೊಡ್ಡಿ ಹಿಡಿದು ನೋಡಿದಳು. ಆಮೇಲೆ ಅವನ ಒಡೆದ ತುಟಿ ನೋಡಿದಳು.

"ಅಯ್ಯೋ ನನ್ನಪ್ಪ! ಇದನ್ನೇ ಕುಡಿದುಕೊಂಡು ಬಂದೆಯಾ?"

ಒಳಗೆ ಓಡಿದಳು. ನೀರು ತಂದಳು. ಒಂದೇ ಸಲ ಗಟಗಟ ಕುಡಿಯಬೇಡ ಎಂದು ಗದರಿಸುತ್ತ, ಗುಟುಕು ಗುಟುಕಾಗಿ ತಾನೇ ಕುಡಿಸಿದಳು. ಜೀವ ಬಂದ ಮೇಲೆ ಅವನಿಗೆ ಸಿಟ್ಟೂ ಬಂತು. "ಇಷ್ಟು ಹಳ್ಳಿ ದಾಟಿ ಬಂದೆ ತಾಯಿ. ನಿಮ್ಮ ಸೀಮೆಯಲ್ಲಿ ಒಬ್ಬರಾದರೂ ನನ್ನನ್ನು ಏನಾದರೂ ಕೇಳಿದರಾ?"

"ಹೇಗೆ ಕೇಳುವುದಪ್ಪ? ತುಂಬಿದ ಚೀಲ ತೂಗುಹಾಕಿದವನು ನಿಮ್ಮ ಮನೆಯ ನೀರು ನನಗೆ ಬೇಡ ಅಂದ ಹಾಗೆ. ಬೇಡ ಅಂದವನ ಮೇಲೆ ಬೀಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದಕ್ಕೇ ಇಲ್ಲಿಯವರು ಇದ್ದ ನೀರನ್ನೂ ಮರಕ್ಕೆ ಹಾಕಿ ಬರುತ್ತಾರೆ. ಬರಿದು ಚೀಲ ಕಂಡರೆ ತಾನೇ ನಮಗೆ ಬಾಯಿ ಬರುವುದು?" ಎಂದಳು ಮುದುಕಿ. ಗೂಟದಿಂದ ಚೀಲ ಇಳಿಸಿ, ಮರಳು ಸುರಿದು, ಕೊಡವಿ, ಬರಿದು ಮಾಡಿ ಮತ್ತೆ ತೂಗುಹಾಕಿದಳು. ಆಮೇಲೆ ಅವನ ಕಡೆ ತಿರುಗಿ, ಆಗಷ್ಟೇ ಬಂದವನನ್ನು ಕೇಳುವ ಹಾಗೆ ಕೇಳಿದಳು.

"ಊಟ ಆಯ್ತಾ?"

ವ್ಯಾಪಾರಿ ಮುಖ ಮುಚ್ಚಿಕೊಂಡು ಅತ್ತ. ತಟ್ಟೆಯಲ್ಲಿ ರೊಟ್ಟಿ ಬಂದಾಗಲೂ ಅಳುತ್ತಲೇ ಇದ್ದ. ಮುದುಕಿ "ಪಾಪ" ಎಂದೂ ಅಂದಳು. ಅವನಿಗೆ ಏನೂ ಉರಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮತ್ತೊಂದು ಹುಣಸೆ ಕೈಗೆತ್ತಿಕೊಂಡರು. ಗುರುಪಾದಯ್ಯನಿಗೆ ನಗು ಬಂತು.

"ಎಂಥ ಹುಚ್ಚ ಅವನು! ಬಾಯಾರಿ ಸಾಯುವಾಗ ಯಾರಾದರೂ ಮರಳು ತುಂಬುತ್ತಾರೆಯೇ, ಗುರುಗಳೇ?"

ಗುರುಗಳು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು.

"ಮೊನ್ನೆ ನಾನು ಗಂಜಿ ಹಿಡಿದು ನಿನ್ನ ಬಾಗಿಲು ತಟ್ಟಿದಾಗ, ಅಗಳಿ ತೆಗೆಯದೆ ಒಳಗಿನಿಂದಲೇ 'ನನಗೇನಾಗಿದೆ, ಚೆನ್ನಾಗಿದ್ದೇನೆ' ಅಂದವನು ಯಾರಪ್ಪ?"

ಗುರುಪಾದಯ್ಯ ತೊಡೆಯ ಮೇಲಿನ ಗಂಟನ್ನು ಕೆಳಗಿಟ್ಟ.