ಗೋಡೆಯಡಿಯ ಬೀಸೋಕಲ್ಲು

ಒಂದಾನೊಂದು ಕಾಲದಲ್ಲಿ, ಅಂದ್ರೆ ಕಲ್ಲುಗಳು ಇನ್ನೂ ಮೆತ್ತಗಿದ್ದ ಕಾಲದಲ್ಲಿ ಕಣೋ ಮಗ, ಒಂದೂರಲ್ಲಿ ಮೇಲ್ಕೇರಿ ಕೆಳಕೇರಿ ಅಂತ ಎರಡು ಕೇರಿ ಇದ್ವಂತೆ. ಯಾವ ಕೇರಿ ಹುಂಜ ಮೊದಲು ಕೂಗೋದು ಅಂತ ಜಗಳ ಹತ್ತಿ, ಮಾತಿಗೆ ಮಾತು ಬೆಳೆದು, ನಡುವೆ ಗೋಡೆನೇ ಎಬ್ಬಿಸಿಬಿಟ್ರಂತೆ. ಎಂಥ ಗೋಡೆ? ಹೋಗೋ ಮೋಡ ಅದರ ಮೇಲೆ ಕೂತು ಸುಧಾರಿಸ್ಕೊಂಡು ಹೋಗೋದಂತೆ. ನಗಬೇಡ, ನೋಡಿದೋರೇ ಹೇಳಿದ್ದು. ಸಿಟ್ಟಿನ ಭರದಲ್ಲಿ ಕಲ್ಲು ಸಾಲದೆ ಮನೆಮನೆಯ ಬೀಸೋಕಲ್ಲೂ ತಂದು ಗೋಡೆಗೆ ಪೇರಿಸಿದ್ರಂತೆ. ಆಮೇಲೆ ರಾಗಿ ಬೀಸೋಕೆ ಏನೈತೆ? ಮೊದಲು ಕಲ್ಲು ಕಿತ್ತೋರು ಸೋತಂಗೆ ಅಂತ ಯಾರೂ ಕೀಳಲಿಲ್ಲ. ಮುದ್ದೆ ಇಲ್ಲದೆ, ಇಡೀ ರಾಗಿ ಬೇಯಿಸಿ ಅಗಿದೂ ಅಗಿದೂ ಊರೋರ ದವಡೆಯೆಲ್ಲ ಎತ್ತಿನ ದವಡೆ ಆದ್ವಂತೆ.

ಮೇಲ್ಕೇರಿಯ ಕೆಂಚವ್ವಂಗೆ ಮಾತ್ರ ಮುದ್ದೆ ಚಿಂತೆ ಅಲ್ಲ. ಅವಳ ಅಕ್ಕ ದುರುಗವ್ವನ್ನ ಕೊಟ್ಟಿದ್ದು ಕೆಳಕೇರಿಗೆ. ಅಕ್ಕನ ಕೆಮ್ಮಾದ್ರೂ ಕೇಳ್ತದೇನೋ ಅಂತ ವರ್ಷಗಟ್ಟಲೆ ದಿನಾ ಗೋಡೆಗೆ ಕಿವಿ ಆನಿಸಿ ಕೂರೋಳಂತೆ. ಕಲ್ಲಿನ ತಣುಪು ಬಿಟ್ರೆ ಆ ಕಡೆಯಿಂದ ಏನೂ ಬರ್ತಿರಲಿಲ್ಲ.

ಆಮೇಲೆ ಆ ದಾರೀಲಿ ಕಲ್ಲುಕೆಲಸದ ಅಣ್ಣತಂಗೀರು ಬಂದ್ರಂತೆ. ಬೊಮ್ಮೋಜ, ಕಾಳೋಜ, ತಂಗಿ ನೀಲಿ, ಒಂದು ಕತ್ತೆ, ಅಷ್ಟೇ ಅವರ ದಂಡು. ನಾಕು ಜನ ಕೂಡೋ ಜಾಗ ಆದ್ರೆ ಮಾತ್ರ ಉಳಿ ಎತ್ತೋರು. ರಾಜ ಅರಮನೆ ಕಟ್ಟೋಕೆ ಕರೆದ್ರೆ, ಅಲ್ಲಿ ಕೂರೋರು ತಾವೊಬ್ರೇ ತಾನೇ ಸ್ವಾಮಿ ಅಂದು ಕತ್ತೆ ತಿರುಗಿಸ್ಕೊಂಡು ಬಂದಿದ್ರಂತೆ.

ದೊಡ್ಡಣ್ಣ ಬೊಮ್ಮೋಜ ಊರಬಾಗಿಲಲ್ಲಿ ದೊಡ್ಡ ಕಟ್ಟೆ ಕಟ್ಟಿದ. ಎರಡೂ ಕೇರಿ ಗಂಡಸ್ರು ಬಂದ್ರು, ಬೆನ್ನಿಗೆ ಬೆನ್ನು ಹಾಕಿ ಕೂತ್ರು. ಆಮೇಲೆ ಕಾಳೋಜ ಬಾವಿ ತೋಡಿದ, ಪಾತಾಳದ ಹಾವು ತಲೆಯೆತ್ತಿ ಯಾರಪ್ಪಾ ಅನ್ನೋಷ್ಟು ಆಳ. ಮೇಲ್ಕೇರಿಯೋರು ಬೆಳಿಗ್ಗೆ ಸೇದಿದ್ರು, ಕೆಳಕೇರಿಯೋರು ಸಂಜೆ.

ಆಮೇಲೆ ನೀಲಿ ಉಳಿ ಕೆಳಗಿಟ್ಟು, ಗೋಡೆಗೆ ಆತು ಕೂತಿದ್ದ ಕೆಂಚವ್ವನ ಪಕ್ಕ ಹೋಗಿ ಕೂತಳಂತೆ. ಅವ್ವಾ, ನಿಂಗೇನು ಬೇಕು ಅಂತ ಕೇಳಿದ್ಳು.

“ಬೀಸೋವಾಗ ಎದುರಿಗೆ ಕೂರೋರು ಬೇಕು ಕಣವ್ವ. ಬೀಸೋ ಪದದಲ್ಲಿ ನಾನೊಂದು ಸೊಲ್ಲು ಅಂದ್ರೆ ನಮ್ಮಕ್ಕ ಮುಂದಿನ ಸೊಲ್ಲು ಅನ್ನೋಳು. ಈಗ ಅರ್ಧ ಪದ ಗಂಟಲಲ್ಲೇ ನಿಂತೈತೆ.”

ನೀಲಿ ಗೋಡೆ ಒಡೀಲಿಲ್ಲ. ಬುಡದಲ್ಲಿ ಒಂದು ಕಂಡಿ ಕೊರೆದು, ಗಾಡಿ ಗಾಲಿಯಷ್ಟು ಅಗಲದ ಬೀಸೋಕಲ್ಲು ಕೂರಿಸಿದಳಂತೆ. ಅರ್ಧ ಕಲ್ಲು ಈ ಕಡೆ, ಅರ್ಧ ಆ ಕಡೆ. ತಗಳ್ರಪ್ಪ ನಿಮ್ಮ ಕಲ್ಲು ಅಂತ ಎರಡೂ ಕೇರಿಗೆ ಹೇಳಿದ್ಳು.

ಬೆಳಕು ಹರಿಯೋಕೆ ಮುಂಚೆ ಕೆಂಚವ್ವ ರಾಗಿ ಹಾಕಿ ಗೂಟ ಹಿಡಿದು ದೂಡಿದ್ಳು. ಗೂಟ ಕಂಡಿವರೆಗೆ ಹೋಗಿ ನಿಂತಿತು. ಮುಂದಕ್ಕೆ ಕೈ ಹೋಗಲ್ಲ. ಆ ಕಡೆಯೋರು ಎಳೀಬೇಕು. ಕಾದ್ಳು, ಕಾದ್ಳು. ಆಮೇಲೆ ಗುರ್ರ್ ಅಂತ ಕಲ್ಲು ತಾನೇ ತಿರುಗಿ, ಕಂಡಿಯ ಇನ್ನೊಂದು ಕೊನೆಯಿಂದ ಗೂಟ ಬಂತಂತೆ, ಗೂಟದ ಜೊತೆ ಒಂದು ಕೈ. ಕೈ ಮೇಲೆ ಚೇಳಿನ ಹಚ್ಚೆ. ಚಿಕ್ಕೋಳಿದ್ದಾಗ ಆ ಹಚ್ಚೆ ಹಾಕಿಸ್ಕೊಳ್ಳೋವಾಗ ನೋವು ತಾಳದೆ ಅಕ್ಕ ಕಚ್ಚಿದ್ದು ಕೆಂಚವ್ವನ ಹೆಗಲನ್ನ.

ಕೆಂಚವ್ವ ಕೈ ಮುಟ್ಟಲಿಲ್ಲ. ಮೆಲ್ಲಗೆ ಪದದ ಒಂದು ಸೊಲ್ಲು ಅಂದ್ಳು, ತಿರುಗೋ ಕಲ್ಲೇ, ತವರಿನ ದಾರಿ ಯಾವ ಕಡೆ.

ಆ ಕೈ ಗೂಟನ ಬಿಗಿಯಾಗಿ ಹಿಡೀತು. ಗೋಡೆಯಾಚೆಯಿಂದ ಒಡಕು ದನಿ ಬಂತಂತೆ, ತಿರುಗಿ ತಿರುಗಿ ಬಂದಿದ್ದು ತಂಗಿ ಕೈ ಕಡೆ.

ಆಮೇಲೆ ಮುಖ ನೋಡದೆ ಇರೋಕಾಗ್ತದಾ? ಕಂಡಿ ಮೇಲಿನ ಕಲ್ಲನ್ನ ಇವಳು ದೂಡಿದ್ಳು, ಅವಳು ಎಳೆದ್ಳು, ಇನ್ನೊಂದು, ಮತ್ತೊಂದು. ಮೊದಲು ಕಿತ್ತೋರು ಯಾರು ಅಂತ ಊರೋರಿಗೆ ಬಗೆಹರೀಲೇ ಇಲ್ಲ. ಅಕ್ಕನ ತಲೆ ಪೂರಾ ಬೆಳ್ಳಗಾಗಿತ್ತು. ಕೆಂಚವ್ವ ಅದನ್ನೇ ನೋಡ್ತಾ ಇದ್ರೆ ದುರುಗವ್ವ ಅಂದ್ಳಂತೆ:

“ಏನೇ ಹಂಗೆ ನೋಡ್ತೀಯ, ನಿನ್ನ ತಲೆ ನೀನು ನೋಡ್ಕೊಂಡಿದ್ದೀಯಾ?”

ಹಿಟ್ಟು ಯಾವ ಕೇರಿದು ಅಂತ ಗೊತ್ತಾಗದೆ ಒಂದೇ ಹಂಡೇಲಿ ಮುದ್ದೆ ತಿರುವಿದ್ರು, ಆನೆ ತಲೆಯಷ್ಟು ಮುದ್ದೆ. ಗೋಡೆಯ ಕಲ್ಲೆಲ್ಲ ಬೀಸೋಕಲ್ಲಿನ ಸುತ್ತ ಕೂರೋ ಕಲ್ಲಾದ್ವು. ಅವರವರ ಬೀಸೋಕಲ್ಲು ಸಿಕ್ಕಿದ್ರೂ ಯಾರೂ ಮನೆಗೆ ಒಯ್ಯಲಿಲ್ಲವಂತೆ. ನೀಲಿ ಹೊರಟಾಗ ಪದ ಇನ್ನೂ ನಡೀತಿತ್ತು, ಆಡದೆ ಉಳಿದಿದ್ದು ಅಷ್ಟಿತ್ತು ನೋಡು. ರಾಗಿ ಮುಗೀತು, ಕತೆನೂ ಮುಗೀತು. ನನ್ನ ಕಡೆ ತಿರುಗಿ ಮಲಕ್ಕೊ.