ದುಂಡಪ್ಪನ ಸೈಕಲ್ಲಿಗೆ ಹೊಸ ಸಾಮಾನು

ಹೂಂ ಅನ್ನುವವರು ಒಬ್ಬರಾದರೂ ಇದ್ದರೆ ಹೇಳುತ್ತೇನೆ.

ಘಟಪ್ರಭೆಯ ದಂಡೆಯ ಒಂದು ಊರಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ದುಂಡಪ್ಪ. ಇಪ್ಪತ್ತರ ಪ್ರಾಯ, ಎತ್ತಿನಂಥ ತೊಡೆ, ಎಮ್ಮೆಯಂಥ ತಾಳ್ಮೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವಳ ಕರ್ಮ. ‘ಹಾಲು ನೋಡ್ಕೋ’ ಅಂದರೆ ನೋಡುತ್ತ ಕೂಡುತ್ತಿದ್ದ. ಹಾಲು ಉಕ್ಕುವುದನ್ನೂ ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ.

ಎದುರು ಮನೆ ಅವಳ ನೆಗೆಣ್ಣಿ ಕಾಶವ್ವನದು. ಗಂಡನ ತಮ್ಮನ ಹೆಂಡತಿ. ಅವಳ ಮಗ ಶ್ರೀಶೈಲ. ಕಾರಹುಣ್ಣಿಮೆಯ ಮರುದಿನ ಊರಲ್ಲಿ ಸೈಕಲ್ ಪಂದ್ಯ; ಹೊಳೆಯ ಸೇತುವೆ ಮುಟ್ಟಿ ಬರಬೇಕು, ಗೆದ್ದವನಿಗೆ ಹಿತ್ತಾಳೆಯ ಢಾಲು. ಮೂರು ವರ್ಷದಿಂದ ಢಾಲು ಶ್ರೀಶೈಲನದೇ. ಕಾಶವ್ವ ಮೂರನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಒಳಗೆ ಇಡಬಾರದೆ? ಇಡುತ್ತಿರಲಿಲ್ಲ. ಅವುಗಳ ಹೊಳಪು ಸೀದಾ ನೀಲವ್ವನ ಅಡುಗೆಮನೆಗೆ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಕಣ್ಣಿಗೆ ಚುಚ್ಚುತ್ತಿತ್ತು. ರೊಟ್ಟಿ ಹರಿಯುತ್ತಿತ್ತು.

“ಈ ವರ್ಷ ಢಾಲು ನನ್ನ ಮನಿಗೆ ಬರಬೇಕು,” ಅಂದಳು ನೀಲವ್ವ. “ಬರದಿದ್ರ ನಾ ಈ ಓಣ್ಯಾಗ ತಲಿ ಎತ್ತಿ ನಡಿಯೂದಿಲ್ಲ!”

ಮನೆಯಲ್ಲಿ ತೀರಿಹೋದ ಗಂಡನ ಸೈಕಲ್ ಇತ್ತು. ಅದನ್ನು ತಳ್ಳಿಕೊಂಡು ಸೈಕಲ್ ರಿಪೇರಿಯ ಲಾಡ್ಲೇಸಾಬನ ಹತ್ತಿರ ಹೋದಳು.

“ಶ್ರೀಶೈಲಂದು ಗೇರಿನ ಸೈಕಲ್. ನಮ್ಮದಕ್ಕೂ ಗೇರ್ ಹಾಕು, ಲಾಡ್ಲೇಸಾಬಾ.”

“ಅಕ್ಕಾ, ಗೇರ್ ಹೊಳೀತಾವ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ರಸ್ತೆ ಚಪ್ಪಟಿ. ಮೊದಲು ಟೈರು ಬದಲಿ ಮಾಡು. ಹಗೂರ ಟೈರು ಹಾಕಿದ್ರ ಅರ್ಧಾ ಕೆಲಸಾ ಆದಂಗ. ಆಮ್ಯಾಲ ಸೀಟು. ಆಮ್ಯಾಲ ಬ್ರೇಕು. ಹಾಂ, ಈ ಕ್ಯಾರಿಯರ್ ಕಿತ್ತಿ ಒಗದ್ರ ಭಾರಾನೂ ಕಡಿಮಿ ಆಗತೈತಿ.”

ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಬಿಗಿದ ಹಗ್ಗ ಇನ್ನೂ ಇತ್ತು. ಗಂಟು ಗಂಡ ಹಾಕಿದ್ದು.

“ಅದೊಂದು ಬಿಟ್ಟು ಏನ ಬೇಕಾದ್ರೂ ಕಿತ್ತು,” ಅಂದಳು.

ಟೈರು ಅಂತ ಗೊತ್ತಾಯಿತಲ್ಲ, ಮರುದಿನ ಮಗನನ್ನು ಪ್ಯಾಟೆಗೆ ಕಳಿಸಿದಳು. “ಓಡಿ ಹೋಗು, ಟೈರು ಇಸ್ಕೊಂಡು ಓಡಿ ಬಾ!”

ದುಂಡಪ್ಪ ಓಡಿ ಹೋದ. ಓಡಿ ಬರಬೇಕಲ್ಲ? ಒಂದು ಕೈಯಲ್ಲಿ ಒಂದು ಟೈರು, ಇನ್ನೊಂದು ಕೈಯಲ್ಲಿ ಇನ್ನೊಂದು, ಎರಡನ್ನೂ ಉರುಳಿಸುತ್ತ ಜಾಲಿಗಿಡದ ಅಡ್ಡದಾರಿಯಲ್ಲಿ ಓಡಿ ಬಂದ. ಮನೆ ಮುಟ್ಟಿದಾಗ ಟೈರಿನ ತುಂಬ ಮುಳ್ಳು.

“ಯಪ್ಪಾ ನನ್ನ ದೇವ್ರೇ! ಹೊಸಾ ಸಾಮಾನು ನೆಲಕ್ಕ ಹಚ್ಚತಾರೇನೋ? ತಲಿ ಮ್ಯಾಲ ಹೊತ್ತು ತರಬೇಕು!”

“ಹೌದ ಬೇ ಯವ್ವಾ. ಮುಂದ ಹಂಗ ಮಾಡ್ತೀನಿ.”

ನೀಲವ್ವ ಒಂದೊಂದೇ ಮುಳ್ಳು ಕಿತ್ತಳು. ಲಾಡ್ಲೇಸಾಬ ಟೈರು ಹಾಕಿ, ಗಾಲಿಯ ಸೊಟ್ಟ ತೆಗೆದು, ಗಾಳಿ ತುಂಬಿ, “ತಗೊಂಡು ಹೋಗು ದುಂಡಾ, ಮುಂಗೈ ಹಂಗ ಬಿಗಿ ಆಗ್ಯಾವ,” ಅಂದ.

ಹೊಸ ಸಾಮಾನು! ನೆಲಕ್ಕೆ ಹಚ್ಚಬಾರದು! ದುಂಡಪ್ಪ ಇಡೀ ಸೈಕಲ್ ಎತ್ತಿ ತಲೆಯ ಮೇಲೆ ಹೊತ್ತ. ಊರ ನಡುವೆ ನಡೆದ. ಶ್ರೀಶೈಲ ಗೇರಿನ ಸೈಕಲ್ಲಿನಲ್ಲಿ ಸುಂಯ್ ಅಂತ ದಾಟಿಹೋದ. ಕಾಶವ್ವ ಕಟ್ಟೆಯ ಮೇಲೆ ಕೂತು ನೋಡಿದಳು.

“ಅಕ್ಕಾ, ಹೊರಗ ಬಾರ! ನಿನ್ನ ಮಗಾ ಸೈಕಲ್ ಹತ್ತತಾನಂತ ಕೇಳಿದ್ದೆ. ಇಲ್ಲಿ ನೋಡಿದ್ರ ಸೈಕಲ್ಲ ಅವನ್ನ ಹತ್ತಿ ಕುಂತೈತಿ!”

ಓಣಿಯೆಲ್ಲ ನಕ್ಕಿತು. ನೀಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು.

“ಹೊರೂದಲ್ಲೋ ಮೂಳಾ! ಏರಿ ಕೂಡಬೇಕು! ಕುಂತು ತುಳೀಬೇಕು! ಯಾರು ನಗಲಿ, ಯಾರು ಕೂಗಲಿ, ಇಳೀಬಾರದು!”

“ಹೌದ ಬೇ ಯವ್ವಾ. ಮುಂದ ಹಂಗ ಮಾಡ್ತೀನಿ.”

ಇನ್ನು ಸೀಟು. ಶ್ರೀಶೈಲನ ಸೀಟು ಬದನೆಕಾಯಿಯಷ್ಟು ಸಪೂರ. ನೀಲವ್ವ ಅದನ್ನು ದಿನಾ ಕಣ್ಣಲ್ಲೇ ಅಳೆಯುತ್ತಿದ್ದಳು. “ಅದರಕಿಂತಾ ಒಂದು ನೂಲು ಸಪೂರಿಂದು ತರಸು,” ಅಂತ ಲಾಡ್ಲೇಸಾಬನಿಗೆ ಹೇಳಿ, ತರಲು ಮಗನನ್ನು ಕಳಿಸಿದಳು.

ದುಂಡಪ್ಪ ಸೀಟು ಇಸಿದುಕೊಂಡ. ಏರಿ ಕೂಡಬೇಕು, ಅಲ್ಲವೆ? ರಸ್ತೆಯ ನಡುವೆ ಸೀಟು ಇಟ್ಟ. ಮೇಲೆ ಕೂತ. ಎರಡೂ ಕಾಲು ಎತ್ತಿ ಗಾಳಿಯಲ್ಲಿ ತುಳಿಯತೊಡಗಿದ. ಬಸ್ಸು ಬಂತು, ಹಾರ್ನ್ ಹೊಡೆಯಿತು. ಇಳಿಯಲಿಲ್ಲ! ಡ್ರೈವರ್ ಕೂಗಿದ. ಇಳಿಯಲಿಲ್ಲ!

“ಎಲ್ಲಿಗೆ ಹೊಂಟೀಯೋ ಮಾರಾಯಾ?” ಅಂದ ಕಂಡಕ್ಟರ್.

“ಮನಿಗ್ರೀ.”

“ಮುಟ್ಟೂದು ಯಾವಾಗ?”

“ಇನ್ನೂ ಭಾಳ ತುಳೀಬೇಕ್ರೀ.”

ನೀಲವ್ವ ಬಂದು ರೆಟ್ಟೆ ಹಿಡಿದು ಎಬ್ಬಿಸಿದಳು. ಬಸ್ಸಿನ ಕಿಟಕಿಯಲ್ಲಿ ಯಾರು? ಪ್ಯಾಟೆಯಿಂದ ಬರುತ್ತಿದ್ದ ಕಾಶವ್ವ. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮಾತಾಡಿದ್ದರೇ ವಾಸಿಯಿತ್ತು.

“ಮೊದಲು ಬಿಗೀಬೇಕಲ್ಲೋ! ಏನ ತಂದ್ರೂ ಮೊದಲು ಸೈಕಲ್ಲಿಗೆ ಗಟ್ಟಿ ಬಿಗಿ! ಅಲ್ಲಾಡದಂಗ ಬಿಗಿ!”

“ಹೌದ ಬೇ ಯವ್ವಾ. ಮುಂದ ಹಂಗ ಮಾಡ್ತೀನಿ.”

ಪಂದ್ಯದ ಹಿಂದಿನ ದಿನ ಬ್ರೇಕಿನ ಹೊಸ ರಬ್ಬರ್ ಬಂದವು. ದುಂಡಪ್ಪ ಅಂಗಡಿಯ ಮುಂದೆಯೇ ತಾನೇ ಬಿಗಿದ. ಅಲ್ಲಾಡದಂಗ ಬಿಗಿದ. ರಬ್ಬರ್ ಗಾಲಿಯನ್ನು ಕಚ್ಚಿ ಹಿಡಿದವು. ಗಾಲಿ ತಿರುಗಲಿಲ್ಲ. ಆದರೂ ತೊಡೆ ಎತ್ತಿನದಲ್ಲವೆ, ಹಿಂಡಿ ಹಿಂಡಿ ತುಳಿದ! ಸೈಕಲ್ ಕಿರುಚುತ್ತ ಬಂತು. ರಸ್ತೆಯುದ್ದಕ್ಕೂ ಕಪ್ಪು ಗೆರೆ. ಹೊಸ ಟೈರಿನ ಅರ್ಧ ರಸ್ತೆಗೇ ಬಳಿದುಹೋಗಿತ್ತು.

“ಅಯ್ಯಯ್ಯೋ! ಹಿಂಗ ಗಾಲೀಗೆ ಅಂಟಿಸಿದ್ರ ಓಡೂದು ಹೆಂಗೋ! ಗಾಲಿ ಮುಟ್ಟಬಾರದು! ಗಾಲಿ ಬಿಟ್ಟು ದೂರಾನೂ ಹೋಗಬಾರದು! ಎರಡ ಬೆರಳು ಸಂದಿ ಬಿಡಬೇಕು, ಎರಡ ಬೆರಳು! ಇದೊಂದನ್ನಾರ ನೆನಪಿಟ್ಕೋತೀಯೇನು?”

“ಸಾಯೂತನಕ ನೆನಪಿಟ್ಕೋತೀನಿ ಬೇ ಯವ್ವಾ.”

ಲಾಡ್ಲೇಸಾಬ ರಾತ್ರಿಯೇ ರಬ್ಬರ್ ಸಡಿಲಿಸಿ ಕೊಟ್ಟ. ಪಂದ್ಯದ ದಿನ. ಇಪ್ಪತ್ತು ಸೈಕಲ್. ಸೀಟಿ ಊದಿದರು, ಹೊರಟರು. ಶ್ರೀಶೈಲ ಎಲ್ಲರಿಗಿಂತ ಮುಂದೆ. ದುಂಡಪ್ಪ ಕಣ್ಣೆತ್ತಿ ನೋಡಿದ. ಮುಂದೆ ಏನು ಕಂಡಿತು? ಶ್ರೀಶೈಲನ ಹಿಂದಿನ ಗಾಲಿ! ಮುಟ್ಟಬಾರದು! ಬಿಟ್ಟು ಹೋಗಬಾರದು! ಎರಡು ಬೆರಳು ಸಂದಿ ಬಿಟ್ಟು ಅಂಟಿಕೊಂಡ.

ಸೇತುವೆ ಮುಟ್ಟಿ ತಿರುಗುವಾಗ ಹದಿನೆಂಟು ಜನ ಹಿಂದೆ ಬಿದ್ದರು. ಕಾಲುವೆಯ ಏರಿಯ ಮೇಲೆ ಇಬ್ಬರೇ ಕಂಡರು. ಲಾಡ್ಲೇಸಾಬ ಕುಣಿದಾಡಿದ.

“ಅಕ್ಕಾ! ನಿನ್ನ ಮಗಾ ಗಾಳಿ ತಪ್ಪಿಸಿ ಅವನ ಹಿಂದ ಅಡಗ್ಯಾನ! ಶ್ರೀಶೈಲ ಬೆವತಾನ, ಇವ ನೋಡು, ಉಸಿರ ಸುದ್ದಾ ಬಿಟ್ಟಿಲ್ಲ! ಯಾರು ಕಲಿಸಿದ್ರು ಇದನ್ನ?”

“ನಾನ!” ಅಂದಳು ನೀಲವ್ವ. ಹೇಳಿ, ಕಾಶವ್ವನ ಮುಖ ನೋಡಿದಳು. ಆ ಮುಖ ಬಾಡಿತ್ತು. ನೀಲವ್ವನಿಗೆ ಹೋಳಿಗೆ ತಿಂದಷ್ಟು ಹಿತವಾಯಿತು.

“ಈಗ ಮುಂದ ಹೋಗೋ ದುಂಡಾ! ದಾಟೋ!”

ದುಂಡಪ್ಪ ದಾಟಲಿಲ್ಲ.

“ದಾಟೋ ನಮ್ಮಪ್ಪಾ!”

“ಎರಡ ಬೆರಳು ಬೇ!” ಅಂತ ನಗುತ್ತ ಕೂಗಿದ ದುಂಡಪ್ಪ. ಎರಡು ಬೆರಳು ಹಿಂದೆಯೇ ಗೆರೆ ದಾಟಿದ.

ಢಾಲು ಮತ್ತೆ ಶ್ರೀಶೈಲನಿಗೆ. ಎರಡನೆಯವನಿಗೆ? ಪಟ್ಟಣದಿಂದ ತರಿಸಿದ ಹೊಸ ಗಾಲಿ. ಒಂದೇ ಬೆರಳಿನ ಮೇಲೆ ಎತ್ತುವಷ್ಟು ಹಗುರ.

“ಅಳಬ್ಯಾಡಕ್ಕಾ,” ಅಂದ ಲಾಡ್ಲೇಸಾಬ. “ಟೈರು, ಸೀಟು ಎಲ್ಲಾ ಒಂದು ತೂಕ, ಈ ಗಾಲಿ ಒಂದು ತೂಕ. ಇದನ್ನ ಹಾಕಿ ಕೊಡ್ತೀನಿ, ಮುಂದಿನ ವರ್ಷ ನಿನ್ನ ಮಗನ್ನ ಯಾರೂ ಹಿಡಿಯಾಂಗಿಲ್ಲ.”

ನೀಲವ್ವ ಕಣ್ಣೊರೆಸಿಕೊಂಡಳು. ಕಾಶವ್ವ ಆ ಗಾಲಿಯನ್ನೇ ನೋಡುತ್ತಿದ್ದಳು, ಆಸೆಯಿಂದ ನೋಡುತ್ತಿದ್ದಳು. ಅಷ್ಟು ಸಾಕಿತ್ತು.

ಪಂಚಾಯಿತಿ ಅಧ್ಯಕ್ಷರು ಗಾಲಿ ಮುಂದೆ ಹಿಡಿದರು. ದುಂಡಪ್ಪ ಕೈ ಹಿಂದೆ ಕಟ್ಟಿಕೊಂಡ.

“ತಗೊಳ್ಳಪಾ!”

“ಮುಟ್ಟಬಾರದ್ರೀ.”

“ಹಂಗಾರ ಬ್ಯಾಡೇನು?”

“ಬಿಟ್ಟೂ ಹೋಗಬಾರದ್ರೀ.”

ಕಾಶವ್ವ ಒಂದೇ ಹೆಜ್ಜೆಗೆ ಮುಂದೆ ಬಂದಳು. “ಕೂಸಿಗೆ ಯಾಕ ತ್ರಾಸ ಕೊಡತೀರ್ರೀ? ಶ್ರೀಶೈಲಾ, ಅಣ್ಣನ ಗಾಲಿ ನೀನ ಹಿಡ್ಕೋ.”

ಶ್ರೀಶೈಲ ಹೆಗಲಿಗೆ ಹಾಕಿಕೊಂಡು ನಡೆದ. ದುಂಡಪ್ಪ ಎರಡು ಬೆರಳು ಹಿಂದೆ. ನೀಲವ್ವ ಜನರನ್ನು ನೂಕಿಕೊಂಡು ಓಣಿ ಮುಟ್ಟುವಷ್ಟರಲ್ಲಿ ಗಾಲಿ ಕಾಶವ್ವನ ಪಡಸಾಲೆಯಲ್ಲಿತ್ತು. ಪಕ್ಕದಲ್ಲಿ ದುಂಡಪ್ಪ. ಮುಂದೆ ತಾಟು. ತಾಟಿನಲ್ಲಿ ತುಪ್ಪ ಸುರಿದ ಹೋಳಿಗೆ.

“ಎದ್ದು ಮನಿಗೆ ಬಾರೋ!”

“ಹೆಂಗ ಬರಲಿ ಬೇ? ಗಾಲಿ ಇಲ್ಲೈತಿ!”

ಮೂರು ವರ್ಷದಿಂದ ಆ ಹೊಸ್ತಿಲು ತುಳಿಯದ ನೀಲವ್ವ ಅವತ್ತು ತುಳಿದಳು. ದಡದಡ ಒಳಗೆ ಹೋಗಿ ಗಾಲಿಗೆ ಕೈ ಹಾಕಿದಳು. ದುಂಡಪ್ಪ ಅವಳ ಕೈ ಗಟ್ಟಿಯಾಗಿ ಹಿಡಿದ.

“ಏ ಯವ್ವಾ, ಮುಟ್ಟಬ್ಯಾಡ! ಎರಡ ಬೆರಳು ಬಿಟ್ಟು ಕೂಡು!”

ಅಂದವನೇ ಅವಳನ್ನು ಪಕ್ಕದಲ್ಲಿ ಕೂಡಿಸಿಯೇ ಬಿಟ್ಟ. ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಕಾಶವ್ವ ಅವಳ ಮುಂದೆಯೂ ಒಂದು ತಾಟು ತಂದಿಟ್ಟು, “ತುಪ್ಪಾ ಇನ್ನಷ್ಟು ಹಾಕಲೇನಕ್ಕಾ?” ಅಂದಳು.